ಅಟ್ಟದ ಟ್ರಂಕಲ್ಲಿ ಸಿಕ್ಕ ಪಾಸ್‌ಬುಕ್: ದುಡ್ಡು ಎಲ್ಲೂ ಹೋಗಿಲ್ಲ, ಹೆಸರು ಹುಡುಕ್ಬೇಕು

ಪ್ರಶ್ನೆ: ಸರ್ ನಮಸ್ಕಾರ. ನಮ್ಮಮ್ಮನ ತವರು ಸಾಗರದ ಹತ್ರ ಒಂದು ಹಳ್ಳಿ. ಅಜ್ಜ 2004ರಲ್ಲಿ ತೀರ್ಕೊಂಡ್ರು, ಅಜ್ಜಿ 2011ರಲ್ಲಿ. ಹೋದ ತಿಂಗಳು ಹಳೇ ಮನೆ ಹೆಂಚು ತೆಗೆಸುವಾಗ ಅಟ್ಟದ ಮೇಲಿದ್ದ ಟ್ರಂಕಲ್ಲಿ ಮೂರು ಕಾಗದ ಸಿಕ್ತು. ಅಜ್ಜನ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್, ಕೊನೇ ಎಂಟ್ರಿ 2002. ವಿಜಯಾ ಬ್ಯಾಂಕಿನ 25,000 ರೂಪಾಯಿ ಎಫ್‌ಡಿ ರಸೀದಿ, 1996ರದ್ದು, ಐದು ವರ್ಷಕ್ಕೆ ಇಟ್ಟಿದ್ದು. ಆಮೇಲೆ ಅಜ್ಜಿ ಹೆಸರಿನ ಸಹ್ಯಾದ್ರಿ ಗ್ರಾಮೀಣ ಬ್ಯಾಂಕ್ ಪಾಸ್‌ಬುಕ್, ಅದನ್ನ ಇಲಿ ತಿಂದು ಅರ್ಧ ಹೋಗಿದೆ. ಈ ಮೂರು ಬ್ಯಾಂಕೂ ಈಗ ಇಲ್ವಲ್ಲ, ದುಡ್ಡು ಹೋದ ಹಾಗೇನಾ? ಅಜ್ಜನಿಗೆ ಪಾನ್, ಆಧಾರ್ ಏನೂ ಇರ್ಲಿಲ್ಲ. ಅಮ್ಮ, ಚಿಕ್ಕಮ್ಮ, ಇಬ್ಬರು ಮಾವಂದಿರು ಇದ್ದಾರೆ, ಒಬ್ಬ ಮಾವ ಅಮೆರಿಕದಲ್ಲಿ. ಎಲ್ಲಿಂದ ಶುರು ಮಾಡೋದು?

ಉತ್ತರ:

ನೋಡಿಮ್ಮಾ, ಮೊದಲು ಒಂದು ಸಮಾಧಾನದ ಮಾತು. ದುಡ್ಡು ಹೋಗಿಲ್ಲ. ಇಷ್ಟು ವರ್ಷದೊಳಗೆ ಕೇಳದಿದ್ರೆ ನಿಮ್ಮ ಹಕ್ಕು ಮುಗೀತು ಅನ್ನೋ ನಿಯಮ ಬ್ಯಾಂಕ್ ಠೇವಣಿಗೆ ಇಲ್ಲ. 20 ವರ್ಷ ಆದ್ರೂ 40 ವರ್ಷ ಆದ್ರೂ ವಾರಸುದಾರರು ಹೋಗಿ ಕೇಳಬಹುದು. ನಾನು 34 ವರ್ಷ ಬ್ಯಾಂಕ್ ಕೌಂಟರ್‌ನ ಆಚೆ ಕಡೆ ಕೂತವನು, ಕೈಬರಹದ ಲೆಡ್ಜರ್ ಕಾಲದಿಂದ ಕಂಪ್ಯೂಟರ್ ಕಾಲದವರೆಗೆ ನೋಡಿದ್ದೀನಿ. ನನ್ನ ಅನುಭವದಲ್ಲಿ ದುಡ್ಡು ಕಳೆದುಹೋಗಿದ್ದು ಬಹಳ ಕಮ್ಮಿ, ಕಳೆದುಹೋಗೋದು ಹೆಸರು. ಬ್ಯಾಂಕಿನ ಹೆಸರು ಬದಲಾಗಿರುತ್ತೆ, ಊರಿನ ಸ್ಪೆಲಿಂಗ್ ಬದಲಾಗಿರುತ್ತೆ, ಅಜ್ಜನ ಹೆಸರನ್ನ ಆವತ್ತಿನ ಕ್ಲರ್ಕ್ ತನಗೆ ತೋಚಿದ ಹಾಗೆ ಬರ್ಕೊಂಡಿರ್ತಾನೆ. ನೀವು ಇವತ್ತಿನ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ, ಆವತ್ತಿನ ಹೆಸರಲ್ಲಿ ಹುಡುಕಿದ್ರೆ ಸಿಗುತ್ತೆ. ಅದಕ್ಕೇ ಆ ಮೂರು ಕಾಗದ ಇದ್ಯಲ್ಲ, ಅದು ಚಿನ್ನ. ಎಷ್ಟೋ ಜನರ ಹತ್ರ ಅದೂ ಇರಲ್ಲ, "ಅಪ್ಪ ಯಾವುದೋ ಬ್ಯಾಂಕಲ್ಲಿ ಇಟ್ಟಿದ್ರು" ಅಂತ ಮಾತ್ರ ಗೊತ್ತಿರುತ್ತೆ.

ಬ್ಯಾಂಕುಗಳ ಹೆಸರು ಮೊದಲು ಸರಿ ಮಾಡ್ಕೊಳ್ಳೋಣ. ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಉಡುಪಿಯಲ್ಲಿ ಶುರುವಾಗಿದ್ದು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಲ್ಲಿ ಸೇರ್ತು. ಮಂಗಳೂರಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯ್ತು. ಅಜ್ಜಿ ಪಾಸ್‌ಬುಕ್‌ನ ಬ್ಯಾಂಕಿಗೆ ಮಾತ್ರ ದೊಡ್ಡ ವಂಶಾವಳಿನೇ ಇದೆ, ಸಹ್ಯಾದ್ರಿ ಗ್ರಾಮೀಣ ಬ್ಯಾಂಕನ್ನ 2005ರಲ್ಲಿ ತುಂಗಭದ್ರಾ, ಚಿತ್ರದುರ್ಗ, ಕೋಲಾರ ಗ್ರಾಮೀಣ ಬ್ಯಾಂಕುಗಳ ಜೊತೆ ಸೇರಿಸಿ ಪ್ರಗತಿ ಗ್ರಾಮೀಣ ಬ್ಯಾಂಕ್ ಮಾಡಿದ್ರು, ಅದು 2013ರಲ್ಲಿ ಪ್ರಗತಿ ಕೃಷ್ಣಾ ಆಯ್ತು, 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕ್ ಜೊತೆ ಸೇರಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯ್ತು, ಮತ್ತೆ 2025ರ ಮೇ 1ಕ್ಕೆ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಸೇರಿಸ್ಕೊಂಡು ಬಳ್ಳಾರಿ ಮುಖ್ಯ ಕಚೇರಿಯ ಒಂದೇ ಗ್ರಾಮೀಣ ಬ್ಯಾಂಕ್ ಆಗಿದೆ. ಅಜ್ಜಿ ಖಾತೆ ಅಲ್ಲಿದೆ. ಒಂದು ಬ್ಯಾಂಕ್ ಇನ್ನೊಂದರಲ್ಲಿ ಸೇರಿದಾಗ ಅದರ ಆಸ್ತಿ ಮಾತ್ರ ಅಲ್ಲ, ಸಾಲ, ಠೇವಣಿ, ಜವಾಬ್ದಾರಿ ಎಲ್ಲಾ ಹೊಸ ಬ್ಯಾಂಕಿಗೆ ಹೋಗುತ್ತೆ. ಯಾರಾದ್ರೂ "ಆ ಬ್ಯಾಂಕೇ ಈಗಿಲ್ಲ" ಅಂದ್ರೆ ಆ ಮಾತು ತಗೊಂಡು ವಾಪಸ್ ಬರ್ಬೇಡಿ. ಇದೇ ಥರ ಬೇರೆ ಓದುಗರಿಗೂ ಹೇಳ್ತೀನಿ, ಕಾರ್ಪೊರೇಷನ್ ಬ್ಯಾಂಕಾದ್ರೆ ಈಗ ಯೂನಿಯನ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಆಫ್ ಮೈಸೂರಾದ್ರೆ 2017ರಿಂದ ಎಸ್‌ಬಿಐ, ವೈಶ್ಯ ಬ್ಯಾಂಕಾದ್ರೆ ಅದು ಐಎನ್‌ಜಿ ವೈಶ್ಯ ಆಗಿ 2015ರಲ್ಲಿ ಕೋಟಕ್ ಮಹೀಂದ್ರ ಸೇರ್ತು. ನಮ್ಮ ರಾಜ್ಯದಷ್ಟು ಬ್ಯಾಂಕ್ ಹುಟ್ಟಿಸಿದ ಜಾಗ ಕಮ್ಮಿ, ಅದಕ್ಕೇ ಬೋರ್ಡ್ ಬದಲಾದ ಬ್ಯಾಂಕುಗಳೂ ನಮ್ಮಲ್ಲೇ ಜಾಸ್ತಿ, ಹಳೇ ಪಾಸ್‌ಬುಕ್ ಹಿಡ್ಕೊಂಡು ಎಲ್ಲಿಗೆ ಹೋಗೋದು ಅಂತ ನಿಂತ ಮನೆಗಳೂ ಇಲ್ಲೇ ಜಾಸ್ತಿ.

ಈಗ ದುಡ್ಡು ನಿಜವಾಗಿ ಎಲ್ಲಿದೆ ಅಂತ. ಸೇವಿಂಗ್ಸ್ ಖಾತೆಯಲ್ಲಿ ಗ್ರಾಹಕರು ಎರಡು ವರ್ಷ ಏನೂ ವ್ಯವಹಾರ ಮಾಡದಿದ್ರೆ ಅದು ಇನಾಪರೇಟಿವ್ ಖಾತೆ, ಬ್ಯಾಂಕ್ ತಾನಾಗೇ ಬಡ್ಡಿ ಹಾಕಿದ್ರೆ ಅದು ವ್ಯವಹಾರ ಅಂತ ಲೆಕ್ಕಕ್ಕೆ ಬರಲ್ಲ. ಹತ್ತು ವರ್ಷ ಹಾಗೇ ಬಿದ್ದಿದ್ರೆ, ಎಫ್‌ಡಿ ಆದ್ರೆ ಮೆಚ್ಯೂರ್ ಆಗಿ ಹತ್ತು ವರ್ಷ ಯಾರೂ ಕೇಳದಿದ್ರೆ, ಅದು ಅನ್‌ಕ್ಲೇಮ್ಡ್ ಡೆಪಾಸಿಟ್. ಆಗ ಬ್ಯಾಂಕ್ ಆ ಹಣನ ರಿಸರ್ವ್ ಬ್ಯಾಂಕಿನ ಹತ್ರ ಇರೋ ಒಂದು ನಿಧಿಗೆ ಕಳಿಸ್ಬೇಕು, ಅದಕ್ಕೆ ಡಿಇಎ ಫಂಡ್ ಅಂತಾರೆ, ಠೇವಣಿದಾರರ ಶಿಕ್ಷಣ ಮತ್ತು ಅರಿವಿನ ನಿಧಿ. ಇದು 2014ರಲ್ಲಿ ಶುರುವಾಗಿದ್ದು. ಅದಕ್ಕೂ ಮೊದಲೇ ಹತ್ತು ವರ್ಷ ತುಂಬಿದ್ದ ಖಾತೆಗಳನ್ನೆಲ್ಲ ಬ್ಯಾಂಕುಗಳು ಆ ವರ್ಷ ಜೂನ್‌ನಲ್ಲಿ ಒಟ್ಟಿಗೆ ಕಳಿಸಿದ್ವು. ನಿಮ್ಮ ಲೆಕ್ಕ ಹಾಕಿ: ಎಫ್‌ಡಿ 2001ರಲ್ಲಿ ಮೆಚ್ಯೂರ್, 2011ಕ್ಕೆ ಹತ್ತು ವರ್ಷ. ಪಾಸ್‌ಬುಕ್ಕಲ್ಲಿ ಕೊನೇ ಎಂಟ್ರಿ 2002, ಅದು ಅಜ್ಜ ಮಾಡಿದ ಎಂಟ್ರಿನೇ ಆಗಿದ್ರೆ 2012ಕ್ಕೆ ಹತ್ತು ವರ್ಷ. ಎರಡೂ ಆ ಮೊದಲ ಕಂತಲ್ಲೇ ಹೋಗಿರ್ಬೇಕು. ಅಜ್ಜಿ ಖಾತೆ ಗೊತ್ತಿಲ್ಲ, ಅವರು 2011ರವರೆಗೆ ಪೆನ್ಷನ್ನೋ ಹಾಲಿನ ದುಡ್ಡೋ ಅಲ್ಲಿ ತಗೋತಿದ್ರೆ ಅದು 2021ರ ಸುಮಾರಿಗೆ ಹೋಗಿರುತ್ತೆ.

ಗಾಬರಿ ಬೇಡ, ರಿಸರ್ವ್ ಬ್ಯಾಂಕಿಗೆ ಹೋದ ತಕ್ಷಣ ಅದು ಸರ್ಕಾರದ್ದಾಗಲ್ಲ. ನೀವು ಕೇಳ್ಬೇಕಾಗಿರೋದೂ ರಿಸರ್ವ್ ಬ್ಯಾಂಕನ್ನಲ್ಲ, ನಿಮ್ಮ ಬ್ಯಾಂಕನ್ನೇ. ಬ್ಯಾಂಕ್ ನಿಮಗೆ ದುಡ್ಡು ಕೊಟ್ಟು ಆಮೇಲೆ ತಾನು ನಿಧಿಯಿಂದ ವಾಪಸ್ ತಗೊಳ್ಳುತ್ತೆ. "ರಿಸರ್ವ್ ಬ್ಯಾಂಕಿಂದ ಬಂದ್ಮೇಲೆ ಕೊಡ್ತೀವಿ, ಕಾಯಿರಿ" ಅಂತ ಯಾರಾದ್ರೂ ಹೇಳಿದ್ರೆ ಅದು ಸರಿಯಾದ ಕ್ರಮ ಅಲ್ಲ. 2024ರ ಮಾರ್ಚ್ ಕೊನೆಗೆ ಈ ಥರ ಯಾರೂ ಕೇಳದ ಠೇವಣಿ ದೇಶದಲ್ಲಿ 78,213 ಕೋಟಿ ಇತ್ತು. ಆ ಅಂಕಿ ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ, ಯಾಕಂದ್ರೆ ಅದರಲ್ಲಿ ಎಷ್ಟೋ ದುಡ್ಡು ನಿಮ್ಮ ಅಜ್ಜನಂಥವರದ್ದು, ಅಡಿಕೆ ಮಾರಿ ಮಗಳ ಮದುವೆಗೆ ಅಂತಲೋ ಕೊನೆಗಾಲಕ್ಕೆ ಅಂತಲೋ ಇಟ್ಟಿದ್ದು, ಮನೇಲಿ ಹೇಳದೇ ಇಟ್ಟಿದ್ದು.

ಸರಿ, ಹುಡುಕೋದು. ಮೊದಲು ಆ ಪಾಸ್‌ಬುಕ್‌ನ ಮೊದಲ ಪುಟ ಬೆಳಕಿಗೆ ಹಿಡ್ಕೊಂಡು ಚೆನ್ನಾಗಿ ನೋಡಿ. ಹಳೇ ಪಾಸ್‌ಬುಕ್ಕಲ್ಲಿ ಎಸ್‌ಬಿ ನಂಬರ್ ಅಂತ ಮೂರು ನಾಲ್ಕು ಅಂಕಿ ಇರುತ್ತೆ, ಅದರ ಪಕ್ಕ ಅಥವಾ ಮೇಲೆ ಲೆಡ್ಜರ್ ಫೋಲಿಯೋ ನಂಬರ್, ಎಲ್.ಎಫ್. ಅಂತ ಬರೆದಿರ್ತಾರೆ. ಈಗಿನ ಉದ್ದದ ಅಕೌಂಟ್ ನಂಬರ್ ಅದಲ್ಲ. ಕೋರ್ ಬ್ಯಾಂಕಿಂಗ್, ಅಂದ್ರೆ ಎಲ್ಲಾ ಬ್ರಾಂಚೂ ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ಸೇರೋದು, ಬಂದಾಗ ಹಳೇ ನಂಬರಿಗೆ ಹೊಸ ನಂಬರ್ ಕೊಟ್ರು, ಹಳೇದು ಯಾವ ಹೊಸದಾಯ್ತು ಅನ್ನೋ ಪಟ್ಟಿನೂ ಮಾಡಿಟ್ರು, ಹಾಗಾಗಿ ಆ ಮೂರಂಕಿ ನಂಬರ್ ಮತ್ತು ಬ್ರಾಂಚ್ ಹೆಸರು ಇದ್ರೆ ಅರ್ಧ ಕೆಲಸ ಆದ ಹಾಗೆ. ಆಮೇಲೆ ಹೆಸರಿರೋ ಸಾಲು. ನಮ್ಮ ಕಡೆ "ಇಂಥವರು ಬಿನ್ ಇಂಥವರು", ಹೆಂಗಸರಾದ್ರೆ "ಕೋಂ ಇಂಥವರು" ಅಂತ ಬರೆಯೋ ರೂಢಿ ಇತ್ತಲ್ಲ. ಆ ಬಿನ್, ಕೋಂ ಅನ್ನೋದು ಎಷ್ಟೋ ಕಡೆ ಇಂಗ್ಲಿಷಲ್ಲಿ ಹೆಸರಿನ ಒಳಗೇ ಸೇರ್ಕೊಂಡು ಕಂಪ್ಯೂಟರಿಗೆ ಹೋಗಿದೆ. ಲೆಡ್ಜರ್ ನೋಡಿ ಡೇಟಾ ಎಂಟ್ರಿ ಮಾಡಿದವರು ಬೇರೆ ರಾಜ್ಯದ ಹುಡುಗರಾಗಿದ್ರೆ ಅವರಿಗೆ ಕೋಂ ಅಂದ್ರೆ ಹೆಂಡತಿ ಅಂತ ಹೇಗೆ ಗೊತ್ತಾಗ್ಬೇಕು? ನಾನು ಒಂದು ಮನೆಯವರಿಗೆ ಸಹಾಯ ಮಾಡ್ದಾಗ ಅವರ ಅಜ್ಜಿ ಖಾತೆ ಕೊನೆಗೆ ಸಿಕ್ಕಿದ್ದು ಹಾಗೇನೇ, ಕೋಂ ಅನ್ನೋದನ್ನ ಅವರ ಮಧ್ಯದ ಹೆಸರು ಅಂತ ಹಾಕಿದ್ರು. ಮೂರು ವಾರ ಹುಡುಕಿದ್ವಿ, ಆ ಮೂರು ಅಕ್ಷರ ಸೇರಿಸಿ ಹುಡುಕಿದ ದಿನ ಒಂದು ನಿಮಿಷದಲ್ಲಿ ಬಂತು.

ಹುಡುಕೋಕೆ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 17ಕ್ಕೆ ಉದ್ಗಮ್ ಅಂತ ಒಂದು ಪೋರ್ಟಲ್ ತೆರೀತು. ಶುರುನಲ್ಲಿ ಏಳೇ ಬ್ಯಾಂಕ್ ಇದ್ದಿದ್ದು, 2024ರ ಮಾರ್ಚಿಗೆ 30 ಬ್ಯಾಂಕ್ ಆಯ್ತು, ಅನ್‌ಕ್ಲೇಮ್ಡ್ ದುಡ್ಡಿನಲ್ಲಿ ಸುಮಾರು ಶೇಕಡಾ 90 ಭಾಗ ಆ 30 ಬ್ಯಾಂಕುಗಳದ್ದೇ. ಕೆನರಾ, ಬರೋಡಾ, ಯೂನಿಯನ್, ಎಸ್‌ಬಿಐ, ಕರ್ಣಾಟಕ ಬ್ಯಾಂಕ್ ಎಲ್ಲಾ ಅದರಲ್ಲಿದೆ. ವಿಳಾಸ ಉದ್ಗಮ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್, ಇದನ್ನ ಕೈಯಾರೆ ಟೈಪ್ ಮಾಡಿ, ಯಾರೋ ವಾಟ್ಸಾಪಲ್ಲಿ ಕಳಿಸಿದ ಲಿಂಕ್ ಒತ್ಬೇಡಿ. ನಿಮ್ಮದೇ ಮೊಬೈಲ್ ನಂಬರ್ ಕೊಟ್ಟು ರಿಜಿಸ್ಟರ್ ಆಗಿ, ಓಟಿಪಿ ಬರುತ್ತೆ. ಒಳಗೆ ಖಾತೆದಾರರ ಹೆಸರು ಮತ್ತು ಬ್ಯಾಂಕ್ ಕಡ್ಡಾಯ, ಅದರ ಜೊತೆ ಪಾನ್, ವೋಟರ್ ಐಡಿ, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಹುಟ್ಟಿದ ದಿನಾಂಕ ಇವುಗಳಲ್ಲಿ ಒಂದು ಕೇಳುತ್ತೆ. ಅಜ್ಜನ ಹತ್ರ ಇದ್ಯಾವುದೂ ಇರ್ಲಿಲ್ಲ ಅಂದ್ರಲ್ಲ, ಇದ್ದಿದ್ರೂ ಆ ಕಾಲದ ಖಾತೆಯಲ್ಲಿ ಯಾರೂ ಬರ್ಕೊಂಡಿರಲ್ಲ, ಹಾಗಾಗಿ ಪಾನ್ ಹಾಕಿ ಹುಡುಕಿದ್ರೆ ಹಳೇ ಖಾತೆ ಬರೋದೇ ಅಪರೂಪ. ಇವುಗಳ ಬದಲು ವಿಳಾಸ ಹಾಕಿ ಹುಡುಕೋ ದಾರಿ ಇದೆ, ನಿಮಗೆ ಅದೇ ಆಗ್ಬೇಕು.

ಇಲ್ಲೇ ತಾಳ್ಮೆ ಬೇಕಾಗಿರೋದು. ಲಕ್ಷ್ಮೀನಾರಾಯಣ ಅನ್ನೋ ಒಂದೇ ಹೆಸರು ತಗೊಳ್ಳಿ, ಕ್ಷ ಅನ್ನೋ ಅಕ್ಷರಕ್ಕೆ ಒಬ್ಬರು ಎಕ್ಸ್ ಹಾಕ್ತಾರೆ, ಇನ್ನೊಬ್ಬರು ಕೆ ಎಸ್ ಎಚ್ ಹಾಕ್ತಾರೆ, ಮೂರನೆಯವರು ಎಚ್ ಬಿಡ್ತಾರೆ, ಒಬ್ಬರು ಎರಡು ಪದ ಮಾಡ್ತಾರೆ, ಕೊನೇಲಿ ಎ ಇರುತ್ತೋ ಇಲ್ವೋ ದೇವರಿಗೇ ಗೊತ್ತು. ತಿಮ್ಮಪ್ಪ ಅಂದ್ರೆ ಟಿ ಆದ್ಮೇಲೆ ಎಚ್ ಇದ್ಯಾ ಇಲ್ವಾ, ಎಮ್ ಒಂದಾ ಎರಡಾ. ಇನಿಷಿಯಲ್ ಮುಂದೆ ಬಂದಿದ್ಯಾ ಹಿಂದೆ ಬಂದಿದ್ಯಾ, ಮಧ್ಯೆ ಚುಕ್ಕಿ ಇದ್ಯಾ. ಒಂದು ನೋಟ್‌ಬುಕ್ ತಗೊಂಡು ಅಜ್ಜನ ಹೆಸರು ಇಂಗ್ಲಿಷಲ್ಲಿ ಎಷ್ಟು ಥರ ಬರೀಬಹುದೋ ಅಷ್ಟೂ ಬರ್ಕೊಳ್ಳಿ, ಒಂದೊಂದಾಗಿ ಹಾಕಿ, ಹಾಕಿದ್ದಕ್ಕೆ ಗೆರೆ ಹೊಡೀರಿ. ಪಾಸ್‌ಬುಕ್ಕಲ್ಲಿ ಇಂಗ್ಲಿಷಲ್ಲೇ ಹೆಸರಿದ್ರೆ ಮೊದಲು ಅದೇ ಸ್ಪೆಲಿಂಗ್, ತಪ್ಪಿದ್ರೂ ಅದೇ. ಊರಿನ ವಿಷಯನೂ ಹಾಗೇ, ಶಿವಮೊಗ್ಗ ಅನ್ನೋ ಸ್ಪೆಲಿಂಗ್ ಅಧಿಕೃತ ಆಗಿದ್ದು 2014ರ ನವೆಂಬರ್ 1ಕ್ಕೆ, ಅಜ್ಜನ ಖಾತೆಯಲ್ಲಿ ಬ್ರಿಟಿಷರ ಕಾಲದ ಶಿಮೊಗಾನೇ ಇರುತ್ತೆ. ವಿಳಾಸದ ಜಾಗದಲ್ಲಿ ಬೀದಿ ಹೆಸರು ಹುಡುಕ್ಬೇಡಿ, ಹಳ್ಳಿ ಖಾತೆಗೆ ಇದ್ದಿದ್ದು ಊರು, ಅಂಚೆ, ತಾಲೂಕು ಅಷ್ಟೇ. ಅಂಚೆ ಅಂದ್ರೆ ಆವಾಗ ನಿಮ್ಮ ಹಳ್ಳಿಗೆ ಯಾವ ಪೋಸ್ಟ್ ಆಫೀಸ್ ಇತ್ತು ಅಂತ ದೊಡ್ಡವರನ್ನ ಕೇಳಿ, ಈಗಿನದ್ದಲ್ಲದೇ ಇರಬಹುದು.

ಸಿಕ್ಕಿದ್ರೆ ಉದ್ಗಮ್‌ನಲ್ಲಿ ಪೂರ್ತಿ ಅಕೌಂಟ್ ನಂಬರ್ರೂ ತೋರಿಸಲ್ಲ, ಎಷ್ಟು ದುಡ್ಡಿದೆ ಅಂತನೂ ತೋರಿಸಲ್ಲ. ಯುಡಿಆರ್‌ಎನ್ ಅಂತ ಒಂದು ನಂಬರ್ ಬರುತ್ತೆ, ಒಂದೊಂದು ಖಾತೆಗೂ ಒಂದೊಂದು. ಅದನ್ನ ಬರ್ಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕ್ಸಿ. ಬ್ಯಾಂಕಲ್ಲಿ ಆ ನಂಬರ್ ಕೊಟ್ರೆ ಅವರಿಗೆ ಖಾತೆ ಸಿಗುತ್ತೆ.

ಸಿಗದಿದ್ರೆ ಅಲ್ಲಿಗೇ ಬಿಡ್ಬೇಡಿ. ಉದ್ಗಮ್‌ನಲ್ಲಿರೋದು ಹತ್ತು ವರ್ಷ ದಾಟಿ ನಿಧಿಗೆ ಹೋದ ಖಾತೆಗಳು ಮಾತ್ರ, ಎರಡರಿಂದ ಹತ್ತು ವರ್ಷದ ಮಧ್ಯೆ ಮಲಗಿರೋ ಖಾತೆ ಅಲ್ಲಿ ಬರಲ್ಲ. 30 ಬ್ಯಾಂಕ್ ಬಿಟ್ಟು ಉಳಿದವೂ ಬರಲ್ಲ, ಹಾಗಾಗಿ ಅಜ್ಜಿಯ ಗ್ರಾಮೀಣ ಬ್ಯಾಂಕ್ ಖಾತೆಗೆ ನೇರವಾಗಿ ಬ್ರಾಂಚಿಗೇ ಹೋಗಿ. ಪ್ರತಿ ಬ್ಯಾಂಕೂ ತನ್ನ ವೆಬ್‌ಸೈಟಲ್ಲಿ ಅನ್‌ಕ್ಲೇಮ್ಡ್ ಖಾತೆದಾರರ ಹೆಸರು ಮತ್ತು ವಿಳಾಸದ ಪಟ್ಟಿ ಹಾಕ್ಲೇಬೇಕು ಅಂತ ನಿಯಮ ಇದೆ, ಅಲ್ಲೂ ನೋಡಿ. ಇನ್ನು ನಿಮ್ಮೂರಿನ ಪ್ರಾಥಮಿಕ ಕೃಷಿ ಪತ್ತಿನ ಸೊಸೈಟಿ, ಸೌಹಾರ್ದ ಸಹಕಾರಿ, ಅಡಿಕೆ ಮಾರಾಟದ ಸಹಕಾರ ಸಂಘ ಇವು ಬ್ಯಾಂಕ್ ಅಲ್ಲ, ಈ ನಿಧಿಗೂ ಇವಕ್ಕೂ ಸಂಬಂಧ ಇಲ್ಲ. ಮಲೆನಾಡಿನ ಬೆಳೆಗಾರರು ಸೊಸೈಟಿಯಲ್ಲಿ ಷೇರು, ಠೇವಣಿ ಇಡದೇ ಇರೋದು ಕಮ್ಮಿ, ಹಾಗಾಗಿ ಊರಿಗೆ ಹೋದಾಗ ಸೊಸೈಟಿ ಸೆಕ್ರೆಟರಿ ಹತ್ರ ಅಜ್ಜನ ಸದಸ್ಯ ನಂಬರ್ ಹೇಳಿ ಒಂದು ಸಲ ಕೇಳಿ. ಸಿಂಡಿಕೇಟ್ ಪಾಸ್‌ಬುಕ್ ಇದೆ ಅಂದ್ರೆ ಇನ್ನೊಂದು ನೋಡಿ, ಟ್ರಂಕಲ್ಲಿ ಪುಟ್ಟದೊಂದು ಪಿಗ್ಮಿ ಕಾರ್ಡ್ ಇದ್ಯಾ ಅಂತ. 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಯೋಜನೆ ಅದು, ಏಜೆಂಟ್ ಮನೆ ಬಾಗಿಲಿಗೇ ಬಂದು ದುಡ್ಡು ತಗೊಂಡು ಹೋಗ್ತಿದ್ರು, ಅಜ್ಜಿಯರು ಸಾಸಿವೆ ಡಬ್ಬಿಯಿಂದ ತೆಗೆದು ಕೊಡ್ತಿದ್ರು. ಅದಕ್ಕೆ ಬೇರೆ ನಂಬರ್, ಬೇರೆ ಲೆಡ್ಜರ್, ಸೇವಿಂಗ್ಸ್ ಖಾತೆ ಸಿಕ್ಕಿದ್ರೆ ಪಿಗ್ಮಿ ತಾನಾಗೇ ಸಿಗಲ್ಲ, ಬೇರೆಯಾಗೇ ಕೇಳ್ಬೇಕು.

ಬ್ರಾಂಚಿಗೆ ಹೋಗೋ ವಿಷಯ. ಹಳೇ ಬ್ರಾಂಚ್ ಮುಚ್ಚಿ ಪಕ್ಕದ ಬ್ರಾಂಚ್ ಜೊತೆ ಸೇರಿಸಿರಬಹುದು, ಊರಲ್ಲಿ ಅಂಗಡಿಯವರನ್ನ ಕೇಳಿದ್ರೂ ಹೇಳ್ತಾರೆ. ತಿಂಗಳ ಮೊದಲ ವಾರ, ಸೋಮವಾರ ಬೇಡ, ಪೆನ್ಷನ್ ರಶ್ ಇರುತ್ತೆ. ಮಧ್ಯಾಹ್ನ ಊಟ ಆದ್ಮೇಲೆ ಹೋಗಿ ಮ್ಯಾನೇಜರ್ ಹತ್ರ ಕೂತು ಮಾತಾಡಿ, ಬಾಯಲ್ಲಿ ಕೇಳಿ ಬರ್ಬೇಡಿ, ಒಂದು ಅರ್ಜಿ ಕೊಡಿ, ಕನ್ನಡದಲ್ಲೇ ಕೊಡಿ. ಖಾತೆದಾರರ ಹೆಸರು, ಹಳೇ ನಂಬರ್, ಬ್ರಾಂಚ್, ತೀರಿಕೊಂಡ ದಿನಾಂಕ, ನೀವು ಯಾರು, ಯುಡಿಆರ್‌ಎನ್ ಇದ್ರೆ ಅದು. ಎರಡು ಪ್ರತಿ ತಗೊಂಡು ಹೋಗಿ, ನಿಮ್ಮ ಪ್ರತಿ ಮೇಲೆ ಸೀಲ್ ಸಹಿ ದಿನಾಂಕ ಹಾಕಿಸ್ಕೊಳ್ಳಿ. ಈ ಒಂದು ಸೀಲ್ ಇಲ್ದೇ ಎಷ್ಟು ಜನ ವರ್ಷಗಟ್ಟಲೆ ಅಲೆದಿದ್ದಾರೆ ಅಂತ ನಾನು ಕಣ್ಣಾರೆ ನೋಡಿದ್ದೀನಿ. ಕೌಂಟರಲ್ಲಿರೋ ಹುಡುಗ ಹುಡುಗಿಯರ ಮೇಲೆ ಕೋಪ ಮಾಡ್ಕೋಬೇಡಿ, ಅವರು ಲೆಡ್ಜರ್ ನೋಡಿದವರಲ್ಲ, ಹಳೇ ಬ್ಯಾಂಕಿನ ಕಡತ ಅವರ ಕೈಗೆ ಬಂದು ಕೆಲವೇ ವರ್ಷ ಆಗಿರುತ್ತೆ ಅಷ್ಟೇ. ಆದ್ರೆ ಅರ್ಜಿ ಮಾತ್ರ ಬಿಡ್ಬೇಡಿ.

ಕಾಗದಪತ್ರ. ನಾಮಿನೇಷನ್ ಇದ್ಯಾ ಅಂತ ಮೊದಲು ಕೇಳಿ, ಎಫ್‌ಡಿ ರಸೀದಿ ಮೇಲೆ "ಐದರ್ ಆರ್ ಸರ್ವೈವರ್" (ಇಬ್ಬರಲ್ಲಿ ಯಾರಾದ್ರೂ, ಇಲ್ಲಾ ಬದುಕುಳಿದವರು) ಅಂತ ಎರಡು ಹೆಸರಿದ್ಯಾ ನೋಡಿ. ನಾಮಿನಿ ಬದುಕಿದ್ರೆ ಕ್ಲೇಮ್ ಫಾರಂ, ಮರಣ ಪತ್ರ, ನಾಮಿನಿಯ ಗುರುತಿನ ಚೀಟಿ ಇಷ್ಟೇ ಸಾಕು. ಆದ್ರೆ ನಾಮಿನಿ ಅಂದ್ರೆ ಮಾಲೀಕ ಅಲ್ಲ, ಎಲ್ಲಾ ವಾರಸುದಾರರ ಪರವಾಗಿ ದುಡ್ಡು ಕೈಗೆ ತಗೊಳ್ಳೋರು, ಇದನ್ನ ಮನೇಲಿ ಮೊದಲೇ ಮಾತಾಡ್ಕೊಂಡಿರಿ. ಅಜ್ಜಿನೇ ನಾಮಿನಿ ಆಗಿದ್ರೆ ಅವರೂ ಇಲ್ವಲ್ಲ, ಆಗ ನಾಮಿನಿ ಇಲ್ಲದ ಖಾತೆ ಥರನೇ.

ನಾಮಿನಿ ಇಲ್ಲದ ಖಾತೆಗೆ ಮೊದಲೆಲ್ಲ ಒಂದೊಂದು ಬ್ಯಾಂಕಿಗೆ ಒಂದೊಂದು ನಿಯಮ, ಜಾಮೀನುದಾರರನ್ನ ಕರ್ಕೊಂಡು ಬನ್ನಿ, ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ (ಉತ್ತರಾಧಿಕಾರ ಪತ್ರ) ತನ್ನಿ ಅಂತ ಜನ ಸುಸ್ತಾಗ್ತಿದ್ರು, ಹತ್ತು ಸಾವಿರ ತಗೊಳ್ಳೋಕೆ ವಕೀಲರಿಗೆ ಹದಿನೈದು ಸಾವಿರ ಕೊಟ್ಟವರಿದ್ದಾರೆ. 2025ರ ಸೆಪ್ಟೆಂಬರ್ 26ಕ್ಕೆ ರಿಸರ್ವ್ ಬ್ಯಾಂಕ್ ಇದಕ್ಕೆ ಒಂದೇ ನಿಯಮ ತಂತು, ಬ್ಯಾಂಕುಗಳು 2026ರ ಮಾರ್ಚ್ 31ರ ಒಳಗೆ ಜಾರಿ ಮಾಡ್ಬೇಕು ಅಂತ. ಅದರ ಪ್ರಕಾರ ಸಹಕಾರಿ ಬ್ಯಾಂಕಲ್ಲಿ 5 ಲಕ್ಷ, ಉಳಿದ ಬ್ಯಾಂಕಲ್ಲಿ 15 ಲಕ್ಷದವರೆಗೆ ಸರಳ ವಿಧಾನ, ಕೋರ್ಟ್ ಮೆಟ್ಟಿಲು ಹತ್ತೋದು ಬೇಡ, ಹೊರಗಿನವರ ಜಾಮೀನೂ ಬೇಡ. ಕ್ಲೇಮ್ ಫಾರಂ, ಮರಣ ಪತ್ರ, ಕೇಳೋರ ಗುರುತಿನ ಚೀಟಿ, ಇಂಡೆಮ್ನಿಟಿ ಬಾಂಡ್ (ಮುಂದೆ ತಕರಾರು ಬಂದ್ರೆ ನಷ್ಟ ನಾವು ಭರಿಸ್ತೀವಿ ಅನ್ನೋ ಮುಚ್ಚಳಿಕೆ), ದುಡ್ಡು ತಗೊಳ್ಳದ ವಾರಸುದಾರರಿಂದ ನಮ್ಮ ತಕರಾರಿಲ್ಲ ಅನ್ನೋ ಪತ್ರ, ಮತ್ತೆ ವಾರಸುದಾರರ ಪ್ರಮಾಣಪತ್ರ, ಅದು ಇಲ್ಲದಿದ್ರೆ ನಿಮ್ಮ ಮನೆಯವರನ್ನ ಚೆನ್ನಾಗಿ ಬಲ್ಲ, ಈ ದುಡ್ಡಲ್ಲಿ ಪಾಲಿಲ್ಲದ ಒಬ್ಬರ ಘೋಷಣೆ ಕೊಟ್ರೂ ಆಗುತ್ತೆ. ಎಲ್ಲಾ ಕಾಗದ ಸರಿಯಾಗಿ ಕೊಟ್ಟ ಮೇಲೆ 15 ದಿನದೊಳಗೆ ಇತ್ಯರ್ಥ ಮಾಡ್ಬೇಕು, ಬ್ಯಾಂಕಿನ ತಪ್ಪಿಂದ ತಡ ಆದ್ರೆ ರಿಸರ್ವ್ ಬ್ಯಾಂಕ್ ನಿಗದಿ ಮಾಡೋ ಬ್ಯಾಂಕ್ ರೇಟ್ ಮೇಲೆ ಶೇಕಡಾ 4 ಸೇರಿಸಿ ಪರಿಹಾರ ಕೊಡ್ಬೇಕು. ಹದಿನೈದು ದಿನ ಅನ್ನೋದು ಕೊನೇ ಕಾಗದ ಕೊಟ್ಟ ದಿನದಿಂದ ಲೆಕ್ಕ, ಅದಕ್ಕೇ ಆ ಸೀಲ್ ಬೇಕು ಅಂದಿದ್ದು.

ನಿಮ್ಮ ಮನೆಗೆ ಏನೇನು ಬೇಕಾಗುತ್ತೆ ಹೇಳ್ತೀನಿ. ಅಜ್ಜ ಅಜ್ಜಿ ಇಬ್ಬರ ಮರಣ ಪತ್ರ. ಆಗ ನೋಂದಣಿನೇ ಮಾಡ್ಸಿಲ್ಲ ಅಂದ್ರೆ ಒಂದು ವರ್ಷ ದಾಟಿದ ಮರಣಕ್ಕೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು, ಇದು ತಿಂಗಳುಗಟ್ಟಲೆ ಹಿಡಿಯುತ್ತೆ, ಹಾಗಾಗಿ ಇದ್ಯಾ ಇಲ್ವಾ ಅಂತ ಈ ವಾರವೇ ನೋಡಿ. ನಾಡಕಚೇರಿಯಲ್ಲಿ ವಂಶವೃಕ್ಷ ಮತ್ತು ಬದುಕಿರುವ ಕುಟುಂಬ ಸದಸ್ಯರ ಪತ್ರ ಎರಡೂ ಸಿಗುತ್ತೆ, ಎರಡೂ ಮಾಡಿಸಿ. ಇಲ್ಲಿ ಮತ್ತೆ ಹೆಸರಿನದ್ದೇ ತಲೆನೋವು. ಪಾಸ್‌ಬುಕ್ಕಲ್ಲಿ ಒಂದು ಹೆಸರು, ಪಹಣಿಯಲ್ಲಿ ಒಂದು, ಮರಣ ಪತ್ರದಲ್ಲಿ ಇನ್ನೊಂದು, ರೇಷನ್ ಕಾರ್ಡಲ್ಲಿ ಮತ್ತೊಂದು. ನಿಮ್ಮಮ್ಮನ ಹೆಸರೂ ಮದುವೆ ಆದ್ಮೇಲೆ ಬದಲಾಗಿರುತ್ತೆ, ಅಪ್ಪನ ಇನಿಷಿಯಲ್ ಹೋಗಿ ಗಂಡನ ಹೆಸರು ಬಂದಿರುತ್ತೆ. ವಂಶವೃಕ್ಷಕ್ಕೆ ಅರ್ಜಿ ಹಾಕುವಾಗಲೇ "ಉರುಫ್" ಅಂತ ಸೇರಿಸಿ ಎರಡೂ ಹೆಸರು ಬರೆಸಿ, ಆಮೇಲೆ ತಿದ್ದುಪಡಿಗೆ ಓಡಾಡೋದು ತಪ್ಪುತ್ತೆ. ಉಳಿದ ವ್ಯತ್ಯಾಸಕ್ಕೆ ಈ ಎರಡೂ ಹೆಸರಿನವರು ಒಬ್ಬರೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ.

ಎಷ್ಟು ಬರುತ್ತೆ ಅಂತ ನೀವು ಕೇಳಿಲ್ಲ, ಆದ್ರೆ ಮನಸಲ್ಲಿ ಇರುತ್ತೆ. ಬಡ್ಡಿ ಬರೋ ಠೇವಣಿ ನಿಧಿಗೆ ಹೋದ ಮೇಲೂ ಬಡ್ಡಿ ಇದೆ, ಆದ್ರೆ ಸರಳ ಬಡ್ಡಿ. 2018ರ ಜೂನ್ ಕೊನೆವರೆಗೆ ವರ್ಷಕ್ಕೆ ಶೇಕಡಾ 4, ಅಲ್ಲಿಂದ 2021ರ ಮೇ 10ರವರೆಗೆ ಮೂರೂವರೆ, ಆಮೇಲೆ 3. ಎಫ್‌ಡಿ ಅಸಲು, ಐದು ವರ್ಷದ ಬಡ್ಡಿ, ಮೆಚ್ಯೂರ್ ಆದ್ಮೇಲಿನ ಬಡ್ಡಿ ಎಲ್ಲಾ ಸೇರಿ 2014ರ ಜೂನ್ ಕೊನೆಗೆ 50,000 ಹೋಗಿತ್ತು ಅಂತ ಲೆಕ್ಕಕ್ಕೆ ಇಟ್ಕೊಳ್ಳಿ. ಮೊದಲ ನಾಲ್ಕು ವರ್ಷಕ್ಕೆ 8,000, ಮುಂದಿನ ಮೂರು ವರ್ಷದ ಹತ್ರಕ್ಕೆ ಸುಮಾರು 5,000, 2025ರ ಮೇವರೆಗಿನ ನಾಲ್ಕು ವರ್ಷಕ್ಕೆ 6,000, ಅಲ್ಲಿಗೆ ಸುಮಾರು 69,000. ಅಡಿಕೆ ರೇಟಿನ ಲೆಕ್ಕದಲ್ಲಿ ನೋಡಿದ್ರೆ ಅಜ್ಜ 1996ರಲ್ಲಿ ಇಟ್ಟ ದುಡ್ಡಿನ ಬೆಲೆ ಅದರಲ್ಲಿ ಉಳಿದಿಲ್ಲ, ಆದ್ರೆ ಅದು ಅವರದ್ದು, ಈಗ ನಿಮ್ಮೆಲ್ಲರದ್ದು. ಲೆಕ್ಕದ ವಿವರ ಬರವಣಿಗೆಯಲ್ಲಿ ಕೇಳಿ, ಯಾವ ವರ್ಷ ಎಷ್ಟು ಬಡ್ಡಿ ಅಂತ. ಪಾಸ್‌ಬುಕ್ ಖಾತೆಯಲ್ಲಿ ಮಾತ್ರ ದೊಡ್ಡ ಆಸೆ ಇಟ್ಕೋಬೇಡಿ, ಮುನ್ನೂರು ನಾನೂರು ರೂಪಾಯಿ ಇದ್ದ ಖಾತೆಗಳು ಆ ಕಾಲದಲ್ಲಿ ಮಿನಿಮಮ್ ಬ್ಯಾಲೆನ್ಸ್ ಚಾರ್ಜಿಗೇ ಖಾಲಿಯಾಗಿರೋದೂ ಇದೆ. ಈಗ ಇನಾಪರೇಟಿವ್ ಖಾತೆಗೆ ಆ ದಂಡ ಹಾಕೋ ಹಾಗಿಲ್ಲ.

ಬ್ಯಾಂಕ್ ಸ್ಪಂದಿಸದಿದ್ರೆ ಅದೇ ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನ ಉತ್ತರ ಬರದಿದ್ರೆ ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ವಿಚಾರಿಸೋ ಅಧಿಕಾರಿ) ಹೋಗಬಹುದು, ಆನ್‌ಲೈನಲ್ಲೇ ದೂರು ಹಾಕೋಕಾಗುತ್ತೆ, ಫೀಸ್ ಇಲ್ಲ, ವಕೀಲರೂ ಬೇಡ. 14448ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ. ಇನ್ನೊಂದು ಎಚ್ಚರಿಕೆ, ಇದನ್ನ ಮನೆಯವರಿಗೆಲ್ಲ ಹೇಳಿ: "ನಿಮ್ಮ ಅಜ್ಜನ ಹೆಸರಲ್ಲಿ ರಿಸರ್ವ್ ಬ್ಯಾಂಕಲ್ಲಿ ದುಡ್ಡಿದೆ, ಪ್ರೋಸೆಸಿಂಗ್ ಫೀಸ್ ಕಳಿಸಿ" ಅಂತ ಫೋನ್ ಬಂದ್ರೆ ಅದು ನೂರಕ್ಕೆ ನೂರು ಮೋಸ. ಹುಡುಕೋಕೂ ಫೀಸ್ ಇಲ್ಲ, ಕ್ಲೇಮ್ ಮಾಡೋಕೂ ಬ್ಯಾಂಕ್ ಫೀಸ್ ತಗೊಳ್ಳಲ್ಲ. ಪರ್ಸೆಂಟೇಜ್ ಮೇಲೆ ಹುಡುಕಿ ಕೊಡ್ತೀವಿ ಅನ್ನೋ ಏಜೆಂಟರ ಕೈಗೆ ಒರಿಜಿನಲ್ ರಸೀದಿ ಕೊಡ್ಲೇಬೇಡಿ.

ಆ ರಸೀದಿ ವಿಷಯ ಬಂತಲ್ಲ, ಲ್ಯಾಮಿನೇಟ್ ಮಾಡಿಸ್ಬೇಡಿ. ಜನ ಹಳೇ ಕಾಗದ ಹರಿಯುತ್ತೆ ಅಂತ ಮೊದಲು ಮಾಡೋದೇ ಅದು. ಎಫ್‌ಡಿ ರಸೀದಿ ಹಿಂದೆ ರೆವಿನ್ಯೂ ಸ್ಟಾಂಪ್ ಅಂಟಿಸಿ ಸಹಿ ಹಾಕೋ ಜಾಗ ಇರುತ್ತೆ, ದುಡ್ಡು ತಗೊಳ್ಳುವಾಗ ಅಲ್ಲೇ ಸಹಿ ಮಾಡ್ಬೇಕು, ಪ್ಲಾಸ್ಟಿಕ್ ಹಾಕಿದ್ರೆ ಅದು ಹಾಳು. ಪ್ಲಾಸ್ಟಿಕ್ ಕವರ್ ಒಳಗೆ ಹಾಗೇ ಇಟ್ಟು ಎರಡೂ ಕಡೆ ಫೋಟೋ ತೆಗೆದಿಟ್ಕೊಳ್ಳಿ. ರಸೀದಿ ಹಿಂದೆ ಅಜ್ಜನ ಸಹಿ ಈಗಾಗಲೇ ಇದ್ಯಾ ಅಂತನೂ ನೋಡಿ, ಇದ್ರೆ ಅವರು ಯಾವತ್ತೋ ರಿನ್ಯೂ ಮಾಡೋಕೆ ಅಥವಾ ಸಾಲ ತಗೊಳ್ಳೋಕೆ ಹೋಗಿದ್ರು ಅಂತ ಅರ್ಥ, ಆಗ ಹೊಸ ರಸೀದಿ ಬೇರೆ ಇರಬಹುದು, ಟ್ರಂಕ್ ಇನ್ನೊಂದು ಸಲ ಜಾಲಾಡಿ. ಇಲಿ ತಿಂದ ಪಾಸ್‌ಬುಕ್ ಚೂರುಗಳನ್ನೂ ಎಸೀಬೇಡಿ, ಅಜ್ಜಿ ಸಹಿ ಬದಲು ಎಡಗೈ ಹೆಬ್ಬೆಟ್ಟು ಒತ್ತಿದ್ರೆ ಅವರ ಫೋಟೋ ಅಂಟಿಸಿರೋ ಸಾಧ್ಯತೆ ಜಾಸ್ತಿ, ಅಷ್ಟು ಭಾಗ ಉಳಿದಿದ್ರೂ ಗುರುತು ಹಿಡಿಯೋಕೆ ದೊಡ್ಡ ಆಧಾರ.

ಟ್ರಂಕಲ್ಲಿ ಎಲ್‌ಐಸಿ ಬಾಂಡೋ ಪೋಸ್ಟ್ ಆಫೀಸಿನ ಪಾಸ್‌ಬುಕ್ಕೋ ಸಿಕ್ಕಿದ್ರೆ ಅದರ ದಾರಿ ಬೇರೆ, ಉದ್ಗಮ್‌ನಲ್ಲಿ ಬರಲ್ಲ. ಅವುಗಳಲ್ಲಿ ಬಹಳ ವರ್ಷ ಯಾರೂ ಕೇಳದ ದುಡ್ಡು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹೋಗುತ್ತೆ, ಅಲ್ಲಿಗೆ ಹೋದ್ಮೇಲೆ 25 ವರ್ಷದ ಮಿತಿ ಇದೆ. ಅಂಥದ್ದಿದ್ರೆ ತಡ ಮಾಡ್ದೇ ಬರೀರಿ, ಅದನ್ನ ಬೇರೆಯಾಗಿ ಹೇಳ್ತೀನಿ.

ಇನ್ನು ಅಮೆರಿಕದ ಮಾವ. ಎಲ್ಲಕ್ಕಿಂತ ನಿಧಾನ ಆಗೋದು ಅವರ ಪತ್ರನೇ. ದುಡ್ಡು ನಿಮ್ಮಮ್ಮನ ಖಾತೆಗೆ ಬರ್ಲಿ ಅಂತ ಎಲ್ಲರೂ ಒಪ್ಪಿದ್ರೆ ಉಳಿದ ಮೂವರೂ ತಕರಾರಿಲ್ಲ ಅಂತ ಬರ್ಕೊಡ್ಬೇಕು, ಮಾವ ಅದಕ್ಕೆ ಅಲ್ಲಿನ ನೋಟರಿ ಅಥವಾ ನಮ್ಮ ಕಾನ್ಸುಲೇಟ್ ಮುಂದೆ ಸಹಿ ಮಾಡಿ ಒರಿಜಿನಲ್ ಕೊರಿಯರಲ್ಲಿ ಕಳಿಸ್ಬೇಕು, ಸ್ಕ್ಯಾನ್ ಪ್ರತಿ ಬ್ಯಾಂಕಲ್ಲಿ ನಡೆಯಲ್ಲ. ಯಾವ ನಮೂನೆ, ಯಾರ ದೃಢೀಕರಣ ಬೇಕು ಅಂತ ಮೂರು ಬ್ಯಾಂಕಲ್ಲೂ ಮೊದಲೇ ಕೇಳ್ಕೊಂಡು ಮೂರು ಪತ್ರ ಒಟ್ಟಿಗೆ ಕಳಿಸಿಕೊಡಿ, ಅವರು ಒಂದೇ ಸಲ ಹೋಗಿ ಸಹಿ ಮಾಡಿ ಮುಗಿಸ್ಲಿ. ಪತ್ರದಲ್ಲಿ ಅವರ ಹೆಸರು ಪಾಸ್‌ಪೋರ್ಟಲ್ಲಿ ಹೇಗಿದ್ಯೋ ಹಾಗೇ ಇರ್ಲಿ, ವಂಶವೃಕ್ಷದಲ್ಲೂ ಅದೇ ಇರ್ಬೇಕು, ಅದಕ್ಕೇ ನಾಡಕಚೇರಿಗೆ ಹೋಗೋ ಮುಂಚೆ ಇವತ್ತು ರಾತ್ರಿನೇ ಅವರಿಗೊಂದು ಫೋನ್ ಮಾಡಿ ಪಾಸ್‌ಪೋರ್ಟ್ ಫೋಟೋ ತರಿಸ್ಕೊಳ್ಳಿ.